ಗುಜರಿಗೆ ಹೋಗುವ ಹಾರ್ಡ್ ಡಿಸ್ಕಿನಲ್ಲಿ ಉಳಿದಿರುವ ಆಟಗಳು

1996ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಚೆಕ್ಸ್ ಎಂಬ ಸೀರಿಯಲ್‌ನ ಡಬ್ಬ ಕೊಂಡವರಿಗೆ ಒಳಗೊಂದು ಸಿ.ಡಿ. ಸಿಗುತ್ತಿತ್ತು. ಆಗ ಭಾರಿ ಹೆಸರು ಮಾಡಿದ್ದ ಡೂಮ್ ಆಟದ ತಂತ್ರಾಂಶದ ಮೇಲೆಯೇ ಕಟ್ಟಿದ 'ಚೆಕ್ಸ್ ಕ್ವೆಸ್ಟ್' ಎಂಬ ಆಟ ಅದರಲ್ಲಿತ್ತು. ತಿಂಡಿಯ ಮಾರಾಟ ಕುದುರಿಸಲೆಂದು ಪುಕ್ಕಟೆ ಹಂಚಿದ ಸರಕು ಅದು. ಮುಂದೆ ಚೆಕ್ಸ್ ಬ್ರ್ಯಾಂಡ್ ಜನರಲ್ ಮಿಲ್ಸ್ ಕಂಪನಿಯ ಕೈಸೇರಿತು, ಪ್ರಚಾರದ ಭರಾಟೆಯೂ ಮುಗಿಯಿತು. ಆಟ ಮಾತ್ರ ಅಳಿಯಲಿಲ್ಲ. ಸಿ.ಡಿ.ಗಳು ಲಕ್ಷಗಟ್ಟಲೆ ಮನೆಗಳಲ್ಲಿದ್ದವು. ಅದನ್ನು ಆಡಿ ಬೆಳೆದವರು ದೊಡ್ಡವರಾದ ಮೇಲೆ ಮತ್ತೆ ಎತ್ತಿಕೊಂಡರು. 2020ರಲ್ಲಿ ಜನರಲ್ ಮಿಲ್ಸ್ ತಾನೇ ಅದರ ಹೊಸ ರೂಪವನ್ನು ಬಿಡುಗಡೆ ಮಾಡಿತು. ಇದೇ ಕಂಪನಿ 2004ರಲ್ಲಿ 'ಮಿಲ್ಸ್‌ಬೆರಿ' ಎಂಬ ಜಾಲತಾಣ ತೆರೆದಿತ್ತು. ಅದೊಂದು ಕಾಲ್ಪನಿಕ ಊರು. ಮಕ್ಕಳು ಅಲ್ಲಿ ತಮ್ಮದೊಂದು ಪಾತ್ರ ಮಾಡಿಕೊಂಡು, ಮನೆ ಹೂಡಿ, ಕಂಪನಿಯ ಸೀರಿಯಲ್‌ಗಳ ಹೆಸರು ಹೊತ್ತ ಪುಟ್ಟ ಪುಟ್ಟ ಆಟಗಳನ್ನು ಆಡುತ್ತಿದ್ದರು. 2010ರ ಕೊನೆಗೆ ಕಂಪನಿ ಅದನ್ನು ಮುಚ್ಚಿತು. ಚೆಕ್ಸ್ ಡಬ್ಬದಲ್ಲಿ ಸಿ.ಡಿ. ಇಟ್ಟಂತೆ ಇಲ್ಲಿ ಯಾರ ಕೈಗೂ ಏನನ್ನೂ ಕೊಟ್ಟಿರಲಿಲ್ಲ. ಸರ್ವರ್ ನಿಂತಿತು, ಊರು ಇಲ್ಲವಾಯಿತು.

1990ರ ದಶಕದ ಕೊನೆಯಿಂದ ಸುಮಾರು 15 ವರ್ಷ ಇಂಥ ಜಾಹೀರಾತು ಆಟಗಳ ಸುಗ್ಗಿ. ಚಾಕೊಲೇಟು, ಚಿಪ್ಸು, ಆಟಿಕೆ, ಸಿನಿಮಾ, ಟಿ.ವಿ. ಚಾನೆಲ್ಲು, ಯಾವುದಕ್ಕೇ ಆಗಲಿ ಒಂದು ಜಾಲತಾಣ, ಅದರಲ್ಲೊಂದಿಷ್ಟು ಪುಕ್ಕಟೆ ಆಟ. ಲೈಫ್‌ಸೇವರ್ಸ್ ಮಿಠಾಯಿಗಾಗಿ ನಬಿಸ್ಕೊ ಕಂಪನಿ 1997ರಲ್ಲೇ 'ಕ್ಯಾಂಡಿಸ್ಟ್ಯಾಂಡ್' ತಾಣ ಶುರುಮಾಡಿತ್ತು. ಡೆನ್ಮಾರ್ಕಿನ ಲೆಗೊ ಕಂಪನಿ 2001ರಲ್ಲಿ ಬಯೋನಿಕಲ್ ಆಟಿಕೆಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಅವುಗಳ ಕಥೆ ಹೇಳಲು ಟೆಂಪ್ಲರ್ ಸ್ಟುಡಿಯೋಸ್ ಎಂಬ ಚಿಕ್ಕ ಸಂಸ್ಥೆಯಿಂದ 'ಮಾಟಾ ನುಯಿ ಆನ್‌ಲೈನ್ ಗೇಮ್' ಮಾಡಿಸಿ, ವರ್ಷವಿಡೀ ಕಂತು ಕಂತಾಗಿ ಬಿಡುಗಡೆ ಮಾಡಿತು. ಆಹಾರ ಕಂಪನಿಗಳ ವಿಚಾರಕ್ಕೆ ಬಂದರೆ ನಂಬಬಹುದಾದ ಲೆಕ್ಕವೇ ಇದೆ. ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ 2006ರಲ್ಲಿ ಆಹಾರ ಬ್ರ್ಯಾಂಡ್‌ಗಳ 77 ಜಾಲತಾಣಗಳನ್ನು ಜಾಲಾಡಿತು. ಶೇ. 73ರಷ್ಟು ತಾಣಗಳಲ್ಲಿ ಜಾಹೀರಾತು ಆಟಗಳಿದ್ದವು. ಒಟ್ಟು 546 ಆಟ. 2005ರ ಎರಡನೇ ತ್ರೈಮಾಸಿಕದಲ್ಲಿ 2ರಿಂದ 11 ವರ್ಷದ ಮಕ್ಕಳು ಈ ತಾಣಗಳಿಗೆ 1 ಕೋಟಿ 22 ಲಕ್ಷಕ್ಕೂ ಹೆಚ್ಚು ಬಾರಿ ಭೇಟಿ ಕೊಟ್ಟಿದ್ದರು. ಆ ವರದಿ ಇವತ್ತಿಗೂ ಓದಲು ಸಿಗುತ್ತದೆ. ಅದು ಲೆಕ್ಕ ಹಾಕಿದ ಆಟಗಳನ್ನು ಅವು ಇದ್ದ ವಿಳಾಸದಲ್ಲಿ ಇಂದು ಹುಡುಕಿ ಹೋದರೆ ಸಿಗುವುದು ಬೇರೇನೋ ಪುಟ, ಇಲ್ಲವೇ ಬರಿಯ ಖಾಲಿ.

ಹಾಗಾದರೆ ಅವು ಎಲ್ಲಿವೆ? ಮಾಡಿಸಿದ ಕಂಪನಿಗಳ ಬಳಿ ಇರಬಹುದೆಂಬ ಊಹೆ ಸಹಜ. ಆದರೆ ಪ್ರಚಾರ ಮುಗಿದ ಮೇಲೆ ಅದರ ಸಾಮಗ್ರಿಯನ್ನು ಕಾಪಾಡುವುದು ಯಾವ ಮಾರ್ಕೆಟಿಂಗ್ ವಿಭಾಗದ ಕೆಲಸವೂ ಅಲ್ಲ. ಆಟ ಮಾಡಿಕೊಟ್ಟ ಸ್ಟುಡಿಯೋಗಳು ಹೆಚ್ಚಾಗಿ ಹತ್ತಿಪ್ಪತ್ತು ಜನರ ಸಂಸ್ಥೆಗಳು, ಅವುಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ಅಂತರ್ಜಾಲದ ಹಳೆಯ ಪುಟಗಳನ್ನು ಕೂಡಿಡುವ ಇಂಟರ್ನೆಟ್ ಆರ್ಕೈವ್ 1996ರಿಂದ ಕೆಲಸ ಮಾಡುತ್ತಿದೆ, ಅದರ ಉಪಕಾರ ದೊಡ್ಡದು. ಆದರೆ ಅದರ ಯಂತ್ರ ಪುಟ ಓದುವುದು ಕೊಂಡಿಯಿಂದ ಕೊಂಡಿಗೆ ನಡೆದುಕೊಂಡು. ಒಂದು ಪುಟದಲ್ಲಿ ಬರೆದ ಕೊಂಡಿ ಅದಕ್ಕೆ ಕಾಣುತ್ತದೆ. ಆಟದ ಫೈಲಿನ ಹೊಟ್ಟೆಯೊಳಗೆ ಅಡಗಿರುವ, 'ಮೊದಲ ಹಂತ ಗೆದ್ದ ಮೇಲೆ ಎರಡನೇ ಹಂತದ ಫೈಲನ್ನು ತಾ' ಎಂಬ ಆದೇಶ ಕಾಣುವುದಿಲ್ಲ. ಹೀಗಾಗಿ ಆರ್ಕೈವ್‌ನಲ್ಲಿ ಅನೇಕ ಬಾರಿ ಆಟದ ಮುಖಪುಟ, 'ಲೋಡಿಂಗ್' ಎಂಬ ಪಟ್ಟಿ ಸಿಗುತ್ತವೆ, ಆಟ ಸಿಗುವುದಿಲ್ಲ. ಒಂದು ಸಿನಿಮಾ ಬಿಡುಗಡೆಯ ಆಸುಪಾಸಿನಲ್ಲಿ ಕೆಲವೇ ವಾರ ಇದ್ದು ಹೋದ ತಾಣವಾದರೆ ಆ ಯಂತ್ರ ಅತ್ತ ತಲೆಹಾಕುವ ಮೊದಲೇ ಎಲ್ಲ ಮುಗಿದಿರುತ್ತದೆ.

ಇಷ್ಟಾದರೂ ಆ ಆಟಗಳ ಪ್ರತಿ ಒಂದು ಕಡೆ ಖಂಡಿತ ಇತ್ತು: ಆಡಿದವರ ಕಂಪ್ಯೂಟರಿನಲ್ಲಿ. ಬ್ರೌಸರ್‌ನಲ್ಲಿ ಆಡುವ ಆಟ ದೂರದ ಸರ್ವರ್‌ನಲ್ಲೇ ನಡೆಯುತ್ತದೆಂಬುದು ನಮ್ಮ ಭಾವನೆ. ನಿಜಕ್ಕೂ ಆಗುವುದು ಬೇರೆ. ಸರ್ವರ್‌ನಿಂದ ಆಟದ ಫೈಲ್ ಇಡಿಯಾಗಿ ನಮ್ಮ ಯಂತ್ರಕ್ಕೆ ಇಳಿಯುತ್ತದೆ, ಆಟ ನಡೆಯುವುದು ಇಲ್ಲೇ. ಅಂದಿನ ನಿಧಾನಗತಿಯ ಡಯಲ್‌ಅಪ್ ಸಂಪರ್ಕದಲ್ಲಿ ಅದೇ ಫೈಲನ್ನು ಮತ್ತೆ ಮತ್ತೆ ತರಿಸುವುದು ದಂಡವೆಂದು ಬ್ರೌಸರ್ ಅದರ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಆಡುವವರು ಕೇಳಿಯೂ ಇರಲಿಲ್ಲ, ಕಂಪನಿ ಕೊಟ್ಟೂ ಇರಲಿಲ್ಲ. ಯಂತ್ರ ತನ್ನ ಪಾಡಿಗೆ ತಾನು ಪ್ರತಿ ಮಾಡಿಟ್ಟಿತು. ಕಂಪನಿಗಳು ಅಳಿಸಿದ, ಆರ್ಕೈವ್‌ಗಳು ಹಿಡಿಯಲಾಗದ ಈ ಆಟಗಳ ಮಟ್ಟಿಗೆ ನಮಗೆ ಉಳಿದಿರುವ ಭಂಡಾರವೆಂದರೆ ಮನೆಮನೆಯ ಹಳೆಯ ಹಾರ್ಡ್ ಡಿಸ್ಕುಗಳು. ಅವನ್ನು ಓದಿಸದೆ ಗುಜರಿಗೆ ಹಾಕುವುದು ದಾಖಲೆಯನ್ನು ನಾಶ ಮಾಡಿದಂತೆಯೇ ಸರಿ ಎಂಬುದು ಈ ಲೇಖನದ ವಾದ.

ವಿಂಡೋಸ್ ಎಕ್ಸ್‌ಪಿ ಇದ್ದ ಒಂದು ಸಾಮಾನ್ಯ ಯಂತ್ರವನ್ನೇ ತೆಗೆದುಕೊಳ್ಳಿ. ಬಳಕೆದಾರರ ಹೆಸರಿನ ಫೋಲ್ಡರಿನಡಿ 'ಟೆಂಪರರಿ ಇಂಟರ್ನೆಟ್ ಫೈಲ್ಸ್' ಎಂಬುದಿರುತ್ತದೆ. ಅದರೊಳಗೆ 'ಕಂಟೆಂಟ್.ಐಇ5' ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರ್. ಅದನ್ನೂ ತೆರೆದರೆ ಅರ್ಥವಿಲ್ಲದ ಎಂಟೆಂಟು ಅಕ್ಷರ, ಅಂಕಿಗಳ ಹೆಸರಿನ ಫೋಲ್ಡರುಗಳು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಳಿಸಿಕೊಂಡ ಚಿತ್ರ, ಪುಟ, ಆಟ ಎಲ್ಲವೂ ಇವುಗಳಲ್ಲಿ ಕಲಸಿಹೋಗಿರುತ್ತವೆ, ಹೆಸರಿನ ಕೊನೆಗೆ ಚೌಕ ಆವರಣದಲ್ಲಿ 1 ಎಂಬ ಅಂಕಿ ಅಂಟಿಸಿಕೊಂಡು. ಪಕ್ಕದಲ್ಲೇ 'ಇಂಡೆಕ್ಸ್.ಡ್ಯಾಟ್' ಎಂಬ ಫೈಲು. ಯಾವ ಫೈಲು ಯಾವ ವಿಳಾಸದಿಂದ ಬಂತು, ಸರ್ವರ್‌ನಲ್ಲಿ ಅದನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ, ಈ ಯಂತ್ರದಲ್ಲಿ ತೆರೆದದ್ದು ಯಾವಾಗ, ಎಲ್ಲ ಅದರಲ್ಲಿ ದಾಖಲಾಗಿರುತ್ತದೆ. ಸಂಶೋಧಕರಿಗೆ ಈ ಪುಟ್ಟ ಫೈಲು ಆಟದಷ್ಟೇ ಬೆಲೆಯುಳ್ಳದ್ದು. ಅಂತರ್ಜಾಲದಲ್ಲಿ ಕೈಯಿಂದ ಕೈಗೆ ದಾಟಿ ಬಂದ ಆಟದ ಪ್ರತಿಯನ್ನು ನಡುವೆ ಯಾರು ತಿದ್ದಿದರೋ ಹೇಳಲಾಗದು. ಡಿಸ್ಕಿನಿಂದ ತೆಗೆದ ಪ್ರತಿ ತನ್ನ ಊರು, ತಾರೀಖನ್ನು ಜೊತೆಗೇ ತರುತ್ತದೆ.

ಬ್ರೌಸರ್‌ನ ಸಂಗ್ರಹಕ್ಕೆ ಮಿತಿ ಇತ್ತು, ತುಂಬಿದಂತೆ ಹಳೆಯದನ್ನು ಅಳಿಸುತ್ತಿತ್ತು ಎಂಬುದು ನಿಜ. ಅಳಿಸುವುದೆಂದರೇನು ಎಂಬುದರಲ್ಲೇ ಆಸೆ ಇರುವುದು. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡಿದರೆ ಆ ಜಾಗ ಖಾಲಿ ಎಂದು ಪಟ್ಟಿಯಲ್ಲಿ ಗುರುತು ಬೀಳುತ್ತದೆ, ಅಷ್ಟೆ. ಒಳಗಿನ ಮಾಹಿತಿ ಅಲ್ಲೇ ಇರುತ್ತದೆ, ಅದರ ಮೇಲೆ ಬೇರೊಂದು ಫೈಲ್ ಬಂದು ಕೂರುವವರೆಗೆ. ಆ ಜಾಗವನ್ನು ನೇರವಾಗಿ ಓದಿ ಆಟವನ್ನು ಗುರುತಿಸುವುದು ಹೇಗೆ? ಪ್ರತಿ ಬಗೆಯ ಫೈಲಿಗೂ ಒಂದು ಹಣೆಬರಹ ಇದೆ. ಆ ಕಾಲದ ಬಹುತೇಕ ಆಟಗಳು ಫ್ಲ್ಯಾಶ್ ತಂತ್ರಜ್ಞಾನದವು. ಫ್ಲ್ಯಾಶ್ ಫೈಲಿನ ಮೊದಲ ಮೂರು ಬೈಟುಗಳು ಎಫ್, ಡಬ್ಲ್ಯು, ಎಸ್ ಎಂಬ ಅಕ್ಷರಗಳು; ಕಂಪ್ಯೂಟರಿನ ಹದಿನಾರರ ಲೆಕ್ಕದಲ್ಲಿ 46 57 53. ನಾಲ್ಕನೆಯ ಬೈಟು ಫ್ಲ್ಯಾಶ್‌ನ ಆವೃತ್ತಿ. ಮುಂದಿನ ನಾಲ್ಕು ಬೈಟು ಫೈಲಿನ ಒಟ್ಟು ಉದ್ದ, ಹಿಂದುಮುಂದಾಗಿ ಬರೆದದ್ದು. ಅಲ್ಲಿ 00 00 08 00 ಎಂದಿದ್ದರೆ ಉದ್ದ 5,24,288 ಬೈಟು, ಅಂದರೆ 512 ಕೆ.ಬಿ. ಎಲ್ಲಿ ಶುರು, ಎಲ್ಲಿ ಕೊನೆ ಎರಡೂ ತಿಳಿದ ಮೇಲೆ ಅಷ್ಟನ್ನು ಕತ್ತರಿಸಿ ತೆಗೆದರಾಯಿತು, ಆಟ ಕೈಗೆ ಬರುತ್ತದೆ.

ಹೇಳಿದಷ್ಟು ಸುಲಭವೇ ಎಂಬ ಅನುಮಾನ ನ್ಯಾಯವಾದದ್ದು. ಮೂರು ಅಕ್ಷರಗಳು ಕಾಕತಾಳೀಯವಾಗಿಯೂ ಒಟ್ಟಿಗೆ ಬೀಳಬಹುದು. ಮೂರು ಬೈಟುಗಳ ಜೋಡಣೆಗಳು ಸುಮಾರು 1 ಕೋಟಿ 67 ಲಕ್ಷ; ಆದ್ದರಿಂದ 40 ಜಿ.ಬಿ.ಯ ಡಿಸ್ಕಿನಲ್ಲಿ ಯದ್ವಾತದ್ವಾ ಮಾಹಿತಿ ತುಂಬಿದ್ದರೂ ಎರಡು ಸಾವಿರಕ್ಕೂ ಹೆಚ್ಚು ಕಡೆ ಈ ಅಕ್ಷರಗಳು ಸಿಗಬೇಕು. ಆದರೆ ಫೈಲುಗಳು ಡಿಸ್ಕಿನ ಎಲ್ಲೆಂದರಲ್ಲಿ ಶುರುವಾಗುವುದಿಲ್ಲ. 512 ಬೈಟಿನ ಒಂದೊಂದು ಸೆಕ್ಟರಿನ ತಲೆಯಲ್ಲೇ ಶುರುವಾಗಬೇಕು. ಅಲ್ಲಷ್ಟೇ ಹುಡುಕಿದರೆ ಸುಳ್ಳು ಗುರುತುಗಳು ಬೆರಳೆಣಿಕೆಗೆ ಇಳಿಯುತ್ತವೆ, ಆವೃತ್ತಿ ಮತ್ತು ಉದ್ದ ನಂಬುವಂತಿವೆಯೇ ಎಂದು ನೋಡಿದರೆ ಅವೂ ಉದುರುತ್ತವೆ. 2002ರ ನಂತರದ ಫೈಲುಗಳನ್ನು ಒತ್ತಿ ಚಿಕ್ಕದು ಮಾಡುವ ಪದ್ಧತಿ ಬಂತು. ಅವುಗಳ ಮೊದಲ ಅಕ್ಷರ ಸಿ. ಅಲ್ಲಿ ಬರೆದ ಉದ್ದ ಬಿಚ್ಚಿದ ಮೇಲಿನದು. ಆದ್ದರಿಂದ ಬಿಚ್ಚುತ್ತಾ ಹೋಗಿ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಫ್ಲ್ಯಾಶ್‌ನ ಅಣ್ಣನಂತಿದ್ದ ಶಾಕ್‌ವೇವ್‌ಗೆ ಬೇರೆ ಗುರುತು, ಜಾವಾ ಆಟಗಳಿಗೆ ಮತ್ತೊಂದು, ಯೂನಿಟಿಗೆ ಇನ್ನೊಂದು. ಇವನ್ನು ಕೈಯಲ್ಲಿ ಮಾಡುತ್ತ ಕೂರಬೇಕಿಲ್ಲ. ಫೋಟೊರೆಕ್ ಎಂಬ ಪುಕ್ಕಟೆ ತಂತ್ರಾಂಶ ಇಂಥ ಗುರುತುಗಳ ಮೇಲೆಯೇ ನೂರಾರು ಬಗೆಯ ಫೈಲುಗಳನ್ನು ಹೆಕ್ಕಿ ಕೊಡುತ್ತದೆ. ನಿಜವಾದ ತೊಡಕು ತುಂಡಾದ ಫೈಲುಗಳದು: ಡಿಸ್ಕ್ ತುಂಬಿದಾಗ ಒಂದೇ ಫೈಲಿನ ಭಾಗಗಳು ಬೇರೆ ಬೇರೆ ಕಡೆ ಬೀಳುತ್ತವೆ. ಜಾಹೀರಾತು ಆಟಗಳು ಹೆಚ್ಚಾಗಿ ಕೆಲವು ನೂರು ಕೆ.ಬಿ.ಯವಾದ್ದರಿಂದ, ದೊಡ್ಡ ವಿಡಿಯೊ ಫೈಲುಗಳಿಗೆ ಹೋಲಿಸಿದರೆ, ಇಡಿಯಾಗಿ ಉಳಿದಿರುವ ಸಾಧ್ಯತೆ ಹೆಚ್ಚು. ಅರ್ಧ ಸಿಕ್ಕರೂ ವ್ಯರ್ಥವಲ್ಲ. ಫ್ಲ್ಯಾಶ್ ಫೈಲಿನಲ್ಲಿ ಚಿತ್ರ, ಧ್ವನಿ, ಆದೇಶಗಳು ಒಂದರ ಹಿಂದೊಂದು ಸಾಲಾಗಿ ಇರುತ್ತವೆ, ತುಂಡಾದ ಜಾಗದವರೆಗಿನದನ್ನು ಓದಬಹುದು.

ಈ ಕೆಲಸದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಸಿಕ್ಕ ಒಂದು ಫೈಲು ಸಿಗದ ಫೈಲುಗಳ ಸುಳಿವು ಕೊಡುವ ರೀತಿ. ಫ್ಲ್ಯಾಶ್ ಫೈಲನ್ನು ಬಿಚ್ಚಿ ಓದುವ ತಂತ್ರಾಂಶಗಳಿವೆ, ಜೆಪೆಕ್ಸ್ ಅವುಗಳಲ್ಲಿ ಹೆಸರಾದದ್ದು. ಅದರಲ್ಲಿ ಆಟದ ಆದೇಶಗಳು ಓದಬಹುದಾದ ಸಾಲುಗಳಾಗಿ ತೆರೆದುಕೊಳ್ಳುತ್ತವೆ: ಯಾವ ಹಂತಕ್ಕೆ ಯಾವ ಫೈಲು, ಅಂಕ ಎಲ್ಲಿ ಬರೆದಿಡಬೇಕು, ಯಾವ ವಿಳಾಸದಲ್ಲಿದ್ದರೆ ಮಾತ್ರ ನಡೆಯಬೇಕು. ಒಂದು ಮನೆಯ ಡಿಸ್ಕಿನಲ್ಲಿ ಮುಖ್ಯ ಫೈಲು, ಇನ್ನೊಂದು ಮನೆಯದರಲ್ಲಿ ಮೂರನೆಯ ಹಂತ ಸಿಕ್ಕರೆ ಎರಡನ್ನೂ ಕೂಡಿಸಬಹುದು. ಆಟವೇ ಪೂರ್ತಿ ಅಳಿದಿದ್ದರೂ ಅದು ಆಡಿದವರ ಅಂಕ, ಹಂತಗಳನ್ನು ನೆನಪಿಡಲು ಬರೆದ ಚಿಕ್ಕ ಫೈಲುಗಳು ಮ್ಯಾಕ್ರೊಮೀಡಿಯಾ ಹೆಸರಿನ ಫೋಲ್ಡರಿನಲ್ಲಿ ಜಾಲತಾಣದ ವಿಳಾಸದ ಹೆಸರಿನಲ್ಲೇ ಕುಳಿತಿರುತ್ತವೆ. ಇಂಥ ತಾಣದಲ್ಲಿ ಇಂಥ ಆಟ ಇತ್ತು, ಇದನ್ನು ಹುಡುಕಬೇಕು ಎಂಬುದಕ್ಕೆ ಅಷ್ಟು ಸಾಕು.

ಸಿಕ್ಕ ಆಟವನ್ನು ಇಂದು ಆಡಲು ಸಾಧ್ಯವೇ ಎಂದರೆ, ಹೌದು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಪೂರ್ಣವಿರಾಮ ಹಾಕಿತು. ಅದಕ್ಕೂ ಮೊದಲು, 2019ರ ಏಪ್ರಿಲ್‌ನಲ್ಲಿ, ವಿಂಡೋಸ್‌ನ ಶಾಕ್‌ವೇವ್ ಹೋಗಿತ್ತು. ಆದರೆ ರಫಲ್ ಎಂಬ ಮುಕ್ತ ತಂತ್ರಾಂಶ ಫ್ಲ್ಯಾಶ್‌ನ ಕೆಲಸವನ್ನು ಇಂದಿನ ಬ್ರೌಸರ್‌ಗಳಲ್ಲಿ ಮಾಡಿತೋರಿಸುತ್ತದೆ, ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ಅದನ್ನೇ ಬಳಸುತ್ತಿದೆ. ಆಸ್ಟ್ರೇಲಿಯಾದ ಬೆನ್ ಲ್ಯಾಟಿಮೋರ್ 2018ರಲ್ಲಿ ಆರಂಭಿಸಿದ 'ಫ್ಲ್ಯಾಶ್‌ಪಾಯಿಂಟ್' ಯೋಜನೆಯಲ್ಲಿ ಸ್ವಯಂಸೇವಕರು ಲಕ್ಷಕ್ಕೂ ಹೆಚ್ಚು ಆಟ, ಅನಿಮೇಶನ್‌ಗಳನ್ನು ಕೂಡಿಟ್ಟಿದ್ದಾರೆ. ತನ್ನ ಮೂಲ ವಿಳಾಸದಲ್ಲಿದ್ದರೆ ಮಾತ್ರ ನಡೆಯುವ ಆಟಕ್ಕೆ ಅದು ನಮ್ಮ ಯಂತ್ರದೊಳಗೇ ಆ ವಿಳಾಸವನ್ನು ಸೃಷ್ಟಿಸಿ ಕೊಡುತ್ತದೆ.

ಇಲ್ಲೇ ಮೊದಲ ಆಕ್ಷೇಪ ಎದುರಾಗುತ್ತದೆ: ಲಕ್ಷಕ್ಕೂ ಹೆಚ್ಚು ಕೂಡಿಟ್ಟಾಗಿದೆ, ಇನ್ನೇನು ಬೇಕು? ಫ್ಲ್ಯಾಶ್‌ಪಾಯಿಂಟ್ ಬಲೆ ಬೀಸಿದ್ದು 2018ರ ನಂತರ. ಆಗಲೂ ಅಂತರ್ಜಾಲದಲ್ಲಿ ಉಳಿದಿದ್ದನ್ನು ಅದು ಮುಖ್ಯವಾಗಿ ಹಿಡಿಯಬಲ್ಲದು. ಸ್ವತಂತ್ರ ಆಟಗಳು ಹತ್ತಾರು ತಾಣಗಳಲ್ಲಿ ಮರುಪ್ರಕಟವಾಗುತ್ತಿದ್ದವು, ಒಂದಲ್ಲ ಒಂದು ಕಡೆ ಉಳಿದವು. ಜಾಹೀರಾತು ಆಟವನ್ನು ಕಂಪನಿ ತನ್ನ ತಾಣದಿಂದ ಹೊರಗೆ ಬಿಡುತ್ತಿರಲಿಲ್ಲ, ಗ್ರಾಹಕ ತನ್ನ ಬಾಗಿಲಿಗೇ ಬರಲಿ ಎಂಬುದೇ ಅದರ ಉದ್ದೇಶವಾಗಿತ್ತು. 2003ರಲ್ಲೋ 2008ರಲ್ಲೋ ತೆಗೆದುಹಾಕಿದ ಇಂಥ ಆಟಕ್ಕೆ ಜಾಲದಲ್ಲಿ ಎರಡನೇ ಪ್ರತಿ ಇರುವುದು ಅಪರೂಪ. ಯೂಟ್ಯೂಬಿನ ವಿಡಿಯೊ ಇದ್ದರೆ ಸಾಲದೇ ಎಂಬ ಮಾತಿಗೆ ಉತ್ತರ ಚಿಕ್ಕದು: ವಿಡಿಯೊ ಒಬ್ಬರು ಆಡಿದ ಬಗೆಯನ್ನು ತೋರಿಸುತ್ತದೆ, ಆಡದ ದಾರಿಗಳನ್ನು ತೋರಿಸುವುದಿಲ್ಲ.

ಎರಡನೆಯದು ಗಟ್ಟಿಯಾದ ಆಕ್ಷೇಪ. ಇವು ಜಾಹೀರಾತುಗಳು, ಮಕ್ಕಳಿಗೆ ಸಕ್ಕರೆ ತುಂಬಿದ ತಿಂಡಿ ಮಾರಲು ಹೂಡಿದ ಉಪಾಯಗಳು. ತೊಲಗಿದ್ದೇ ಒಳ್ಳೆಯದಾಯಿತಲ್ಲ, ಉಳಿಸುವುದೇಕೆ? ಆಕ್ಷೇಪದ ಮೊದಲರ್ಧವನ್ನು ನಾನು ಒಪ್ಪುತ್ತೇನೆ, ಅದೇ ಕಾರಣಕ್ಕೆ ಎರಡನೆಯ ಅರ್ಧವನ್ನು ಒಪ್ಪಲಾರೆ. ಟಿ.ವಿ.ಯ ಜಾಹೀರಾತು ಅರ್ಧ ನಿಮಿಷದ್ದು, ಅಪ್ಪ ಅಮ್ಮನ ಕಣ್ಣೆದುರೇ ಬಂದು ಹೋಗುತ್ತದೆ. ಆಟ ಹಾಗಲ್ಲ. ಮಗು ಒಂಟಿಯಾಗಿ ಪರದೆಯ ಮುಂದೆ ಕೂತು, ಗಂಟೆಗಟ್ಟಲೆ, ಬ್ರ್ಯಾಂಡಿನ ಗುರುತನ್ನೇ ಹಿಡಿಯುತ್ತ, ನೆಗೆಯುತ್ತ, ಅಂಕ ಗಳಿಸುತ್ತ ಕಳೆಯುತ್ತದೆ. ಡಬ್ಬದ ಮೇಲಿನ ಸಂಕೇತ ಹಾಕಿದರೆ ಮಾತ್ರ ಕೆಲವು ಸವಲತ್ತು ಎಂಬ ಏರ್ಪಾಡೂ ಇರುತ್ತಿತ್ತು. ಒಂದು ತಲೆಮಾರಿನ ಮಕ್ಕಳ ಮೇಲೆ ಇದನ್ನು ಹೇಗೆ ಪ್ರಯೋಗಿಸಿದರು ಎಂದು ಪರಿಶೀಲಿಸಬೇಕಾದರೆ ಆಟವನ್ನೇ ತೆರೆದು ನೋಡಬೇಕು. ಭಾರತದಲ್ಲಿ 2020ರ ಆಹಾರ ಸುರಕ್ಷತಾ ನಿಯಮಗಳು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿಗಳ ಜಾಹೀರಾತನ್ನು ನಿಷೇಧಿಸಿವೆ. ಪರದೆಯೊಳಗಿನ ಜಾಹೀರಾತಿಗೆ ಮೀಟರಿನ ಲೆಕ್ಕ ಇಲ್ಲ. ಇಂದಿನ ಮೊಬೈಲ್ ಆಟಗಳ ಬಹುಮಾನ, ದಿನದಿನದ ಹಾಜರಿ, ಸಂಗ್ರಹಿಸುವ ಚಪಲಗಳ ಹಿಂದಿನ ಚರಿತ್ರೆ ತಿಳಿಯಬೇಕಾದ ನೀತಿ ರೂಪಿಸುವವರಿಗೆ, ಪೋಷಕರಿಗೆ, ಶಿಕ್ಷಕರಿಗೆ ಈ ಹಳೆಯ ಆಟಗಳು ಸಾಕ್ಷ್ಯ. ಸಾಕ್ಷ್ಯವನ್ನು ಯಾರ ಮೇಲೆ ಆಕ್ಷೇಪವಿದೆಯೋ ಅವರೇ ಅಳಿಸಲು ಬಿಟ್ಟು ಸುಮ್ಮನಿರುವುದು ಸರಿಯಲ್ಲ.

ಅವೆಲ್ಲ ಬರಿಯ ಬಲೆಗಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾಟಾ ನುಯಿ ಆಟದಲ್ಲಿ ಟಾಕುವಾ ಎಂಬ ಪುಟ್ಟ ಹಳ್ಳಿಗ ದ್ವೀಪವೊಂದರ ಊರೂರು ಸುತ್ತುತ್ತಾನೆ. ಮಾರಾಟಕ್ಕಿದ್ದ ಮಹಾವೀರರು ಅದರಲ್ಲಿ ಹೆಚ್ಚಾಗಿ ದೂರದಲ್ಲೇ ಇರುತ್ತಾರೆ. ಆಟಿಕೆ ಮಾರಲು ಹೊರಟವರು ಇಷ್ಟು ನಿಧಾನದ, ಇಷ್ಟು ನಿಶ್ಶಬ್ದದ ಕಥೆ ಹೇಳಲು ಒಪ್ಪಿದ್ದು ಈಗ ಆಶ್ಚರ್ಯ ಹುಟ್ಟಿಸುತ್ತದೆ. 2001ರಲ್ಲೇ ಲೆಗೊಗಾಗಿ 'ಜಂಕ್‌ಬಾಟ್' ಮಾಡಿಕೊಟ್ಟ ಗೇಮ್‌ಲ್ಯಾಬ್ ಸಂಸ್ಥೆಯೇ ಮುಂದೆ 'ಡೈನರ್ ಡ್ಯಾಶ್' ರೂಪಿಸಿ ಜಗತ್ತಿನಾದ್ಯಂತ ಹೆಸರು ಮಾಡಿತು. ಜಾಹೀರಾತಿನ ಹಣದಲ್ಲಿ ಕೈ ಪಳಗಿಸಿಕೊಂಡ ಕಲಾವಿದರು, ಸಂಗೀತಗಾರರು, ಪ್ರೋಗ್ರಾಮರುಗಳ ಮೊದಲ ಕೆಲಸಗಳು ಇಂಥ ಆಟಗಳಲ್ಲಿವೆ. ಮಾಟಾ ನುಯಿಗೆ ಅಭಿಮಾನಿಗಳಿದ್ದರು, ಅವರು ಆಗಲೇ ಪ್ರತಿ ಮಾಡಿಟ್ಟುಕೊಂಡು ಉಳಿಸಿದರು. ಅಭಿಮಾನಿಗಳಿಲ್ಲದ ಆಟಕ್ಕೆ ಆ ಭಾಗ್ಯವಿಲ್ಲ.

ಯಾವುದು ಉಳಿಯಬೇಕೆಂದು ಆಯಾ ಕಾಲದವರು ಸರಿಯಾಗಿ ನಿರ್ಧರಿಸಿದ ನಿದರ್ಶನಗಳು ಕಡಿಮೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ. ಇಂದು ಅದರ ಒಂದು ಪ್ರತಿಯೂ ನಮ್ಮಲ್ಲಿಲ್ಲ. ಬಿಬಿಸಿ 1960ರ ದಶಕದ 'ಡಾಕ್ಟರ್ ಹೂ' ಧಾರಾವಾಹಿಯ ಅನೇಕ ಕಂತುಗಳ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ಅವುಗಳಲ್ಲಿ 9 ಕಂತುಗಳು 2013ರಲ್ಲಿ ನೈಜೀರಿಯಾದಿಂದ ಮರಳಿ ಬಂದ ಸುದ್ದಿ ಹೊರಬಿತ್ತು. ಉಳಿದ ಕಂತುಗಳ ಚಿತ್ರ ಇಲ್ಲದಿದ್ದರೂ ಧ್ವನಿ ಪೂರ್ತಿಯಾಗಿ ಉಳಿದಿದೆ, ಕಾರಣ ಮನೆಯಲ್ಲಿ ಟಿ.ವಿ.ಯ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ಕೂತ ವೀಕ್ಷಕರು. ಸಂಸ್ಥೆ ಕಳೆದುಕೊಂಡದ್ದನ್ನು ಮನೆಗಳು ಕಾಪಾಡಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮೂರನೆಯ ಆಕ್ಷೇಪ ಖಾಸಗಿತನದ್ದು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಳೆಯ ಡಿಸ್ಕಿನಲ್ಲಿ ಆಟ ಮಾತ್ರ ಇರುವುದಿಲ್ಲ. ಮದುವೆಯ ಫೋಟೊ, ಬ್ಯಾಂಕಿನ ಪತ್ರ, ಪಾಸ್‌ವರ್ಡ್, ಯಾರಿಗೋ ಬರೆದು ಕಳಿಸದ ಮೇಲ್ ಎಲ್ಲ ಇರುತ್ತವೆ, ಡಿಲೀಟ್ ಮಾಡಿದವೂ ಸೇರಿ. ಡಿಸ್ಕನ್ನೋ ಅದರ ಪೂರ್ತಿ ಪ್ರತಿಯನ್ನೋ ಪರಿಚಯವಿಲ್ಲದವರಿಗೆ ಕೊಡುವುದು ತಪ್ಪು. ಹಾಗೆ ಕೊಡುವ ಅಗತ್ಯವೂ ಇಲ್ಲ. ಹಣೆಬರಹ ನೋಡಿ ಹೆಕ್ಕುವ ತಂತ್ರಾಂಶಕ್ಕೆ ಫ್ಲ್ಯಾಶ್, ಶಾಕ್‌ವೇವ್ ಫೈಲುಗಳನ್ನಷ್ಟೇ ತೆಗೆಯಲು ಹೇಳಬಹುದು. ಅದನ್ನು ಮನೆಯಲ್ಲೇ, ಅಂತರ್ಜಾಲ ಸಂಪರ್ಕ ಇಲ್ಲದ ಯಂತ್ರದಲ್ಲಿ, ಮನೆಯವರ ಎದುರಿಗೇ ಮಾಡಬಹುದು. ಹೊರಗೆ ಹೋಗುವುದು ಆಟದ ಫೈಲುಗಳು, ಅವುಗಳ ವಿಳಾಸ ಮತ್ತು ತಾರೀಖು ಮಾತ್ರ. ಗಮನಿಸಿ ನೋಡಿದರೆ ಖಾಸಗಿತನಕ್ಕೆ ಹೆಚ್ಚಿನ ಅಪಾಯ ಇರುವುದು ಡಿಸ್ಕನ್ನು ಹಾಗೇ ಗುಜರಿಗೆ ಹಾಕುವುದರಲ್ಲಿ. ಅಲ್ಲಿಂದ ಅದು ಯಾರ ಕೈಗೆ ಹೋಗುತ್ತದೆಂದು ಯಾರೂ ಹೇಳಲಾರರು.

ಕಾನೂನಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಆಟದ ಹಕ್ಕು ಕಂಪನಿಯದು. ಅದು ಆಟವನ್ನು ಮರೆತಿದ್ದರೂ ಹಕ್ಕು ಹೋಗುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಕೃತಿಯನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು ಎನ್ನುತ್ತದೆ, ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಪುಸ್ತಕಕ್ಕೆ ಈ ಷರತ್ತು ಸರಿಹೋಗುತ್ತದೆ. ಡಿಜಿಟಲ್ ಆಗಿಯೇ ಹುಟ್ಟಿ ಡಿಜಿಟಲ್ ಆಗಿಯೇ ಹೋದ ಆಟಕ್ಕೆ ಅಂಥ ಪ್ರತಿ ಎಲ್ಲಿಂದ ಬರಬೇಕು? ಕಾಯ್ದೆ ಈ ಬಗೆಯ ಕೃತಿಗಳನ್ನು ನೆನೆದೇ ಇಲ್ಲ, ಇದನ್ನು ತಿದ್ದಬೇಕು. ಅಮೆರಿಕದಲ್ಲೂ ಸಂರಕ್ಷಣೆಗೆ ಕೆಲವು ವಿನಾಯಿತಿಗಳು ಸಿಕ್ಕಿದ್ದರೂ, ಗ್ರಂಥಾಲಯಗಳು ಹಳೆಯ ಆಟಗಳನ್ನು ದೂರದ ಸಂಶೋಧಕರಿಗೆ ಜಾಲದ ಮೂಲಕ ತೋರಿಸಲು ಕೇಳಿದ ಅನುಮತಿಯನ್ನು 2024ರ ಅಕ್ಟೋಬರ್‌ನಲ್ಲಿ ನಿರಾಕರಿಸಲಾಯಿತು. ಎಲ್ಲರಿಗೂ ಹಂಚುವುದು ಬೇರೆ, ಅಳಿಯದಂತೆ ಎತ್ತಿಡುವುದು ಬೇರೆ. ಹಂಚಿಕೆಯ ವಿವಾದ ಹತ್ತು ವರ್ಷ ಬಿಟ್ಟು ಇತ್ಯರ್ಥವಾದರೂ ನಡೆದೀತು. ಡಿಸ್ಕಿಗೆ ಅಷ್ಟು ಆಯಸ್ಸಿಲ್ಲ.

ಆಯಸ್ಸಿನ ಮಾತು ಉತ್ಪ್ರೇಕ್ಷೆಯಲ್ಲ. ಹತ್ತಿಪ್ಪತ್ತು ವರ್ಷ ಮೂಲೆಯಲ್ಲಿ ಬಿದ್ದ ಡಿಸ್ಕಿನ ಮೋಟಾರು ಹಿಡಿದುಕೊಳ್ಳುತ್ತದೆ, ಓದುವ ಮುಳ್ಳು ತಟ್ಟೆಗೆ ಅಂಟುತ್ತದೆ, ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ತೇವಕ್ಕೆ ಸರ್ಕ್ಯೂಟು ಕಿಲುಬುತ್ತದೆ. ಇನ್ನು ಈಚಿನ ಲ್ಯಾಪ್‌ಟಾಪುಗಳ ಎಸ್‌ಎಸ್‌ಡಿಗಳಲ್ಲಿ ಡಿಲೀಟ್ ಆದ ಮಾಹಿತಿಯನ್ನು ಡ್ರೈವ್ ತಾನೇ ಬೇಗ ಗುಡಿಸಿ ಹಾಕುತ್ತದೆ, ಅಲ್ಲಿ ಹುಡುಕಿ ಫಲವಿಲ್ಲ. ಹಾಗಾಗಿ ಈ ಕೆಲಸ ಸಾಧ್ಯವಿರುವುದು ಹೆಚ್ಚು ಕಡಿಮೆ 1995ರಿಂದ 2012ರವರೆಗಿನ ಡಿಸ್ಕುಗಳಲ್ಲಿ, ಅದೂ ಅವು ತಿರುಗುವಷ್ಟು ಕಾಲ. ಭಾರತದ ಆಟಗಳ ಸ್ಥಿತಿ ಇನ್ನೂ ನಾಜೂಕು. ಮುಂಬೈಯ ಕಾಂಟೆಸ್ಟ್ಸ್2ವಿನ್ 1998ರಿಂದಲೇ ಬ್ರ್ಯಾಂಡ್‌ಗಳಿಗಾಗಿ ಜಾಲದಲ್ಲಿ ಸ್ಪರ್ಧೆ, ಆಟಗಳನ್ನು ನಡೆಸಿತು. ರಿಲಯನ್ಸ್ ಎಡಿಎ ಸಮೂಹ 2006ರಲ್ಲಿ ಜಪಕ್ ತಾಣ ತೆರೆಯಿತು. ಆಗ ನಮ್ಮಲ್ಲಿ ಮನೆಯಲ್ಲಿ ಇಂಟರ್ನೆಟ್ ಇದ್ದವರು ಕಡಿಮೆ, ಗಂಟೆಗಿಷ್ಟು ಎಂದು ಕೊಟ್ಟು ಸೈಬರ್ ಸೆಂಟರಿನಲ್ಲಿ ಆಡಿದ ಮಕ್ಕಳೇ ಹೆಚ್ಚು. ಆ ಯಂತ್ರಗಳನ್ನು ವೈರಸ್ ಬಂತೆಂದು ಪದೇ ಪದೇ ಫಾರ್ಮ್ಯಾಟ್ ಮಾಡುತ್ತಿದ್ದರು. ಮನೆಯ ಕಂಪ್ಯೂಟರುಗಳ ಮಾತು ಅದಕ್ಕೇ ಮುಖ್ಯ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ, ಮಂಚದ ಕೆಳಗೆ ಹಳೆಯ ಸಿಪಿಯು ಇದ್ದರೆ, ಅಮೆರಿಕದಲ್ಲಿರುವ ಕನ್ನಡಿಗರಾದರೆ ಬೇಸ್‌ಮೆಂಟಿನಲ್ಲಿ ಮಕ್ಕಳ ಹಳೆಯ ಕಂಪ್ಯೂಟರ್ ಇದ್ದರೆ, ಕುತೂಹಲಕ್ಕೆಂದು ಅದನ್ನು ಆನ್ ಮಾಡಬೇಡಿ. ವಿಂಡೋಸ್ ಶುರುವಾಗುತ್ತಲೇ ಡಿಸ್ಕಿನ ಮೇಲೆ ಹೊಸದನ್ನು ಬರೆಯತೊಡಗುತ್ತದೆ, ಬರೆಯುವುದು ಅಳಿಸಿದ ಆಟ ಇರುವ ಜಾಗದಲ್ಲೇ ಇರಬಹುದು. ಡಿಸ್ಕನ್ನು ಹೊರತೆಗೆಸಿ. ಹಳೆಯ ಅಗಲ ಪಟ್ಟಿಯ ಕೇಬಲಿನದಾದರೂ ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ ನೋಡಿ. ತಿಳಿದವರ ನೆರವಿನಿಂದ ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆಸಿ, ಹುಡುಕಾಟವೆಲ್ಲ ಆ ಪ್ರತಿಯಲ್ಲೇ ನಡೆಯಲಿ. ಡಿಸ್ಕ್ ಹದಗೆಟ್ಟಿದ್ದರೆ ಚೆನ್ನಾಗಿರುವ ಭಾಗವನ್ನು ಮೊದಲು ಓದಿಕೊಳ್ಳುವ ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ತಂತ್ರಾಂಶವಿದೆ. ಕಂಪ್ಯೂಟರ್ ವಿಜ್ಞಾನ ಕಲಿಸುವ ನಮ್ಮ ಕಾಲೇಜುಗಳು ಇದನ್ನೊಂದು ಪ್ರಾಜೆಕ್ಟ್ ಆಗಿ ವಿದ್ಯಾರ್ಥಿಗಳ ಕೈಗೆ ಕೊಡಬಹುದು, ಖರ್ಚು ತೀರಾ ಕಡಿಮೆ. ಇದಾವುದೂ ಈಗಲೇ ಆಗದಿದ್ದರೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಬಳಸಿದ್ದು ಎಂದು ಒಂದು ಚೀಟಿ ಅಂಟಿಸಿ, ಡಿಸ್ಕನ್ನು ತೇವವಿಲ್ಲದ ಕಡೆ ಎತ್ತಿಡಿ, ಗುಜರಿಯವರಿಗೆ ಮಾತ್ರ ಕೊಡಬೇಡಿ.